ಎಸಿ ಬಂದ್ ಮಾಡಿ ಓದಿದ ಕವಿತೆ

ಹೋದ ತಿಂಗಳು ನನ್ನ ಕವಿತೆಯನ್ನು ಬೇರೊಬ್ಬಳು ಓದಿದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಓದಿದಳು.

ನನಗೆ ಮಾತ್ರ ಎಲ್ಲಿಲ್ಲದ ಸಿಟ್ಟು ಬಂತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಳೆದ ವರ್ಷ ನನಗೆ ಥೈರಾಯ್ಡ್ ಆಪರೇಷನ್ ಆಯಿತು. ಆಮೇಲೆ ಗಂಟಲಿನ ಎರಡು ಧ್ವನಿತಂತುಗಳಲ್ಲಿ ಒಂದು ಅಲುಗಾಡುವುದನ್ನೇ ನಿಲ್ಲಿಸಿತು.

ಕೆಲವರಿಗೆ ಹೀಗಾಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು... ಆ ಕೆಲವರಲ್ಲಿ ನಾನೂ ಒಬ್ಬಳು, ಅಷ್ಟೇ.

ಈಗ ನನ್ನ ದನಿ ಅಂದರೆ ಪಿಸುಮಾತು. ಎರಡು ಮೂರು ಶಬ್ದಕ್ಕೆ ಉಸಿರು ಖಲಾಸ್.

ಅದಕ್ಕೂ ಮೊದಲು ಅಬುಧಾಬಿಯಲ್ಲಿ ಕವಿಗೋಷ್ಠಿ ಅಂದರೆ ನಾನು ಇರಲೇಬೇಕು. ಉದ್ದುದ್ದ ಸಾಲು, ರಾಗ ಎಳೆದು ಓದುವುದು, ಧಾರವಾಡದ ಗತ್ತು, ಎಲ್ಲ ಇತ್ತು. ಸಣ್ಣ ಸಾಲಿನ ಕವಿತೆ ಕಂಡರೆ, ಗದ್ಯ ಬರೆದು ನಡುನಡುವೆ ಎಂಟರ್ ಒತ್ತಿದ್ದಾರೆ ಅಂತ ಗೇಲಿ ಬೇರೆ ಮಾಡುತ್ತಿದ್ದೆ.

ಆಪರೇಷನ್ ಆದ ಮೇಲೆ ಎಷ್ಟೋ ತಿಂಗಳು ಒಂದಕ್ಷರ ಬರೆಯಲಿಲ್ಲ. ಬಾಯಲ್ಲಿ ಹೇಳಿ ನೋಡಲಾಗದ್ದು ಕವಿತೆ ಹೇಗಾದೀತು ಅಂತ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆ. ಆ ಅಳುವೂ ಯಾರಿಗೂ ಕೇಳಿಸುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಒಂದು ಸಂಜೆ ಬನಿಯಾಸ್‌ನ ಆಫೀಸಿನಿಂದ ಬಸ್ಸಿನಲ್ಲಿ ಬರುವಾಗ ಹಟ ಹಿಡಿದು ಬರೆಯಲು ಶುರು ಮಾಡಿದೆ. ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿಗೇ ಸಾಲು ಮುಗಿಸಿದೆ. ಹೊಸ ಉಸಿರಿಗೆ ಹೊಸ ಸಾಲು.

ಗಂಟಲಲ್ಲೊಂದು ಬಾಗಿಲು
ಅರ್ಧ ತೆರೆದೇ ಇದೆ.
ಗಾಳಿ
ಕೇಳದೆ ಬರುತ್ತದೆ
ಕೇಳದೆ ಹೋಗುತ್ತದೆ.
ಮಾತು ಮಾತ್ರ
ಪ್ರತಿ ಸಲ
ತಟ್ಟಿಯೇ
ಹೊರಬರಬೇಕು.

ಹೀಗೇ ಮುಂದುವರಿದು ಒಂದು ಪುಟ ಆಯಿತು. ಅದನ್ನೇ ಈ ಸಲದ ಗೋಷ್ಠಿಗೆ ಕಳಿಸಿದೆ.

ಗೋಷ್ಠಿ ನಡೆಸುವ ಸದಾನಂದಣ್ಣ ಮಂಗಳೂರು ಕಡೆಯವರು, ಒಳ್ಳೆಯ ಮನುಷ್ಯ. ನನಗೆ ಕಷ್ಟ ಆಗಬಾರದು ಅಂತ, ದುಬೈಯಲ್ಲಿ ಕಾರ್ಯಕ್ರಮ ನಿರೂಪಣೆ ಮಾಡುವ ಪ್ರತೀಕ್ಷಾ ಅನ್ನುವ ಹುಡುಗಿಯಿಂದ ಕವಿತೆ ಓದಿಸಲು ಅವರೇ ಏರ್ಪಾಡು ಮಾಡಿದರು. ನಾನೂ ಹೂಂ ಅಂದಿದ್ದೆ.

ಅವಳು ಓದಿದ ವಾಯ್ಸ್ ನೋಟ್ ಬಂತು. ಹಿಂದೆ ಕೊಳಲು ಬೇರೆ! ಆರೇಳು ಸಾಲನ್ನು ಒಂದೇ ಉಸಿರಿಗೆ ಸರ್ರನೆ ಓದಿ ಮುಗಿಸಿದ್ದಳು. ಪಾಪ, ಅವಳದೇನು ತಪ್ಪು, ಅವಳಿಗೆ ಉಸಿರಿದೆ.

ಆದರೆ ಒಂದೊಂದು ಶಬ್ದಕ್ಕೂ ನಾನು ಪಟ್ಟ ಪಾಡು ಅದರಲ್ಲಿ ಎಲ್ಲೂ ಇರಲಿಲ್ಲ. ಕೇಳಿದವರು ಯಾವುದೋ ಪ್ರೇಮಗೀತೆ ಅಂದುಕೊಳ್ಳಬೇಕು, ಹಾಗಿತ್ತು.

ನನ್ನ ಗಂಡನೂ ಕೇಳಿಸಿಕೊಂಡರು. "ಚಲೋ ಓದ್ಯಾಳ. ಆದ್ರ ಇದರಾಗ ನೀ ಎಲ್ಲಿದ್ದಿ?" ಅಂದರು.

ಅಷ್ಟು ಸಾಕಾಯಿತು.

ನಾನು ಫೋನ್ ಮಾಡಿದರೆ ಜನ ಹಲೋ ಹಲೋ ಅಂದು ಕಟ್ ಮಾಡುತ್ತಾರೆ. ಹಾಗಾಗಿ ಹಮ್ದಾನ್ ಸ್ಟ್ರೀಟಿನಲ್ಲಿರುವ ಸದಾನಂದಣ್ಣನ ಅಂಗಡಿಗೇ ಹೋಗಿ, ನಾನೇ ಓದುತ್ತೇನೆ ಅಂದೆ. ಎದುರಿಗೆ ನಿಂತ ತನಗೇ ಸರಿಯಾಗಿ ಕೇಳುವುದಿಲ್ಲ, ಹಾಲ್‌ನಲ್ಲಿ ಹಿಂದೆ ಕೂತವರಿಗೆ ಹೇಗೆ ಅಂತ ಅವರ ಚಿಂತೆ. ಮೈಕ್ ಇದೆಯಲ್ಲ ಅಂತ ಹೇಳಿ ಬಂದೆ.

ಪ್ರತೀಕ್ಷಾಗೂ ಮೆಸೇಜ್ ಹಾಕಿದೆ. ಒಂದು ಚೂರೂ ಬೇಜಾರು ಮಾಡಿಕೊಳ್ಳಲಿಲ್ಲ, ನಾನು ಕೇಳೋಕೆ ಬರ್ತೀನಿ ಮೇಡಂ ಅಂದಳು.

ಗೋಷ್ಠಿಯ ದಿನ ಬಂತು. ಎಲೆಕ್ಟ್ರಾ ಸ್ಟ್ರೀಟಿನ ಹತ್ತಿರ ಹಳೇ ಕಟ್ಟಡದ ಹಾಲ್. ಹೊರಗೆ ಜೂನ್ ತಿಂಗಳ ಬೆಂಕಿಯಂಥ ಬಿಸಿಲು, ಒಳಗೆ ರೇಷ್ಮೆ ಸೀರೆ, ಸೂಟು ಬೂಟು.

ನನ್ನ ಸರದಿ. ಮೈಕಿಗೆ ತುಟಿ ತಾಗಿಸಿ ಶುರು ಮಾಡಿದೆ... ಮೇಲೆ ಎಸಿ ಗುಂಯ್ ಅನ್ನುತ್ತಿತ್ತು, ನನ್ನ ದನಿಯನ್ನು ಪೂರ್ತಿ ನುಂಗಿ ಹಾಕಿತು. ಮೈಕ್ ಜೋರು ಮಾಡಿದರೆ ಅದೇ ಕೀಂಯ್ ಅಂತ ಕಿರುಚಿತು.

ಮುಂದೆ ಕೂತವರು ಪಾಪ ಅನ್ನುವ ಮುಖ ಮಾಡಿ ತಲೆಯಾಡಿಸುತ್ತಿದ್ದರು. ಏನೂ ಕೇಳಿಸದೆಯೇ ಚಪ್ಪಾಳೆ ತಟ್ಟಲು ಸಿದ್ಧರಾಗಿದ್ದರು. ಆ ಚಪ್ಪಾಳೆ ನನಗೆ ಬೇಕಿರಲಿಲ್ಲ.

ಸದಾನಂದಣ್ಣ ಸ್ಟೇಜಿಗೆ ಓಡಿ ಬಂದು, ಪ್ರತೀಕ್ಷಾ ಇಲ್ಲೇ ಇದ್ದಾಳೆ, ಕರೆಯಲಾ ಅಂತ ಕೇಳಿದರು.

ನಾನು ಅವರ ಕಿವಿಯಲ್ಲಿ ಹೇಳಿದೆ. "ಎಸಿ ಬಂದ್ ಮಾಡ್ರಿ."

"ಈ ಸೆಕೆಯಲ್ಲಿ ಬಂದ್ ಮಾಡುವುದಾ ಅಕ್ಕ? ಜನ ಎದ್ದು ಹೋಗ್ತಾರೆ ಮಾರಾಯ್ರೆ."

"ಹೋಗೋರು ಹೋಗ್ಲಿ. ನಾ ಅಂತೂ ಓದೇ ಹೋಗಾಕಿ."

ಅವರು ಮೈಕಿನಲ್ಲಿ ಜನರ ಕ್ಷಮೆ ಕೇಳಿ, ಹೋಗಿ ಗೋಡೆಯ ಸ್ವಿಚ್ ಒತ್ತಿದರು.

ಗುಂಯ್ ನಿಂತಿತು. ಹಾಲ್ ಎಷ್ಟು ನಿಶ್ಶಬ್ದವಾಯಿತೆಂದರೆ ನನಗೇ ಹೆದರಿಕೆಯಾಯಿತು.

ಓದುತ್ತೇನೆ. ಎರಡು ಶಬ್ದ, ಉಸಿರು. ಮತ್ತೆರಡು ಶಬ್ದ, ಮತ್ತೆ ಉಸಿರು... ಸ್ವಲ್ಪ ಹೊತ್ತಿಗೇ ಬೆವರು ಇಳಿಯುತ್ತಿದೆ. ಮುಂದಿನವರು ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ. ಮುಖ್ಯ ಅತಿಥಿಗಳು ಮೆಲ್ಲಗೆ ಕೋಟು ಬಿಚ್ಚುತ್ತಿದ್ದಾರೆ.

ನಡುವೆ ಒಂದು ಕಡೆ ದನಿ ಪೂರ್ತಿ ಕೈಕೊಟ್ಟಿತು. ನಿಂತೆ. ಯಾರೂ ಕೆಮ್ಮಲಿಲ್ಲ, ಯಾರೂ ಏಳಲಿಲ್ಲ. ಹಲ್ಲು ಕಚ್ಚಿ ಮತ್ತೆ ಅದೇ ಶಬ್ದ ಹಿಡಿದೆ. ಬಂತು.

ಕೊನೆಯವರೆಗೂ ಓದಿದೆ. ಅಬ್ಬಾ ಅಂತ ಸದಾನಂದಣ್ಣ ಎಸಿ ಹಾಕಲು ಹೊರಟರು.

ಅಷ್ಟರಲ್ಲಿ ಹಿಂದುಗಡೆ ಒಬ್ಬರು ಅಜ್ಜಿ ಎದ್ದು ನಿಂತರು. ವಿಸಿಟ್ ವೀಸಾದಲ್ಲಿ ಮಗಳ ಮನೆಗೆ ಬಂದವರಂತೆ, ನಮ್ಮ ಕಡೆಯವರೇ. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಅಂದರು, "ಯವ್ವಾ, ಇಲ್ಲಿ ಅರ್ಧಾ ಕೇಳಿಸ್ಲಿಲ್ಲ. ಇನ್ನೊಮ್ಮಿ ಓದು. ನಮಗೇನ ಅವಸರ ಇಲ್ಲ."

ನಾನು ಸದಾನಂದಣ್ಣನ ಕಡೆ ನೋಡಿದೆ. ಅವರು ಸ್ವಿಚ್ ಮೇಲಿಟ್ಟ ಕೈ ತೆಗೆದು, "ಓದಿ ಅಕ್ಕ," ಅಂದರು. ಹಿಂದಿನವರೆಲ್ಲ ಕುರ್ಚಿ ಎತ್ತಿಕೊಂಡು ಮುಂದೆ ಬಂದು ಕೂತರು.

ನೀರು ಕುಡಿದು, ಮೊದಲಿನಿಂದ ಶುರು ಮಾಡಿದೆ.

ಗಟ್ಟಿ ದನಿಯಲ್ಲಿ ಓದುತ್ತಿದ್ದ ಅಷ್ಟು ವರ್ಷ, ಇನ್ನೊಮ್ಮೆ ಓದು ಅಂತ ನನಗೆ ಯಾರೂ ಒಂದು ಸಲವೂ ಹೇಳಿರಲಿಲ್ಲ.