ಅಟ್ಟಕ್ಕೆ ಹಾಕಿದ ಫೋನು

ಹಾಲ್ಕುರಿಕೆಯ ಕಾಡಸಿದ್ದಪ್ಪನವರು ಯಾವ ವಸ್ತುವನ್ನೂ ತಂದ ದಿನವೇ ಬಳಸಿದವರಲ್ಲ. ಹೊಸ ಚಪ್ಪಲಿ ತಂದರೆ ಒಂದು ತಿಂಗಳು ಗೂಟಕ್ಕೆ ನೇತುಹಾಕುತ್ತಾರೆ. ಮಿಕ್ಸಿ ತಂದಾಗ ಅದನ್ನು ಅಟ್ಟದ ಮೇಲಿಟ್ಟು, ಹೆಂಡತಿ ಗಿರಿಜಾಂಬಿಕಾ ಅವರ ಕೈಲಿ ಇನ್ನೊಂದು ವರ್ಷ ಒರಳಲ್ಲೇ ಚಟ್ನಿ ರುಬ್ಬಿಸಿದರು. ಕಾರಣ ಕೇಳಿದರೆ, "ಹಸೀದನ್ನ ತಗಂಡು ಯಾಕಪ್ಪ ಕೆಡಿಸ್ಕಳಾದು? ಒಂದಷ್ಟು ದಿನ ಕೂತಿರ್ಲಿ ಬುಡು," ಎನ್ನುತ್ತಾರೆ. ಮದುವೆ ನಿಶ್ಚಯವಾದ ಮೇಲೆ ತನ್ನನ್ನೂ ಹನ್ನೊಂದು ತಿಂಗಳು ತವರಿನಲ್ಲೇ ಕೂರಿಸಿದ್ದರು ಎಂದು ಗಿರಿಜಮ್ಮ ಇವತ್ತಿಗೂ ಆಡಿಕೊಳ್ಳುತ್ತಾರೆ.

ನಮ್ಮ ಸೀಮೆಯಲ್ಲಿ ಇದನ್ನು ಹುಚ್ಚು ಎನ್ನುವವರಿಲ್ಲ. ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಂಬತ್ತರಿಂದ ಹನ್ನೊಂದು ತಿಂಗಳು ಅದರ ಪಾಡಿಗೆ ಅದನ್ನು ಬಿಡಬೇಕು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಗುಂಡು ಕೊಬ್ಬರಿಯಾಗುವವರೆಗೆ ಅವಸರ ಮಾಡುವಂತಿಲ್ಲ. ಒಡೆಯದೆ ಒಳಗಿನ ಸಂಗತಿ ಹೇಳುವುದು ಕಿವಿಯ ಕೆಲಸ. ಆ ಕೆಲಸದಲ್ಲಿ ಕಾಡಸಿದ್ದಪ್ಪನವರನ್ನು ಮೀರಿಸಿದವರಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುತ್ತಾರೆ. "ನೀರೈತೆ", "ಕಚ್ಕಂಡೈತೆ", "ಬುಟ್ಟೈತೆ", ಈ ಮೂರರಲ್ಲಿ ಒಂದು ಮಾತು ಬರುತ್ತದೆ. ಕೊನೆಯ ಮಾತು, ಅಂದರೆ ತಿರುಳು ಕರಟ ಬಿಟ್ಟಿದೆ ಎಂಬುದು, ಬಂದ ಮೇಲೆಯೇ ಊರಿನವರು ಅಟ್ಟದಿಂದ ಕಾಯಿ ಇಳಿಸುವುದು. ಈಗ ಅವರಿಗೆ ಎಪ್ಪತ್ತೆರಡು ವರ್ಷ. ತೋಟದ ಕೆಲಸ ಕೈಬಿಟ್ಟಿದೆ, ಮಂಡಿ ನೋವು ಕೈಬಿಟ್ಟಿಲ್ಲ. ಯಾರಾದರೂ ಬಂದು "ನಮ್ಮಟ್ಟಕ್ಕೆ ಬನ್ನಿ" ಎಂದು ಕರೆದರೆ ಮಾತ್ರ ಮನುಷ್ಯ ಗೆಲುವಾಗುತ್ತಾರೆ.

ಅವರು ಕಿವಿಯಿಂದ ಬದುಕಿದರೆ ನಾನು ಬಾಯಿಂದ ಬದುಕುತ್ತೇನೆ. ನಾನು ಬಸವಕುಮಾರ್, ತಿಪಟೂರಿನ ಬಸ್‌ಸ್ಟ್ಯಾಂಡ್ ಪಕ್ಕ ಮೊಬೈಲ್ ಅಂಗಡಿ ಇಟ್ಟಿದ್ದೇನೆ. ಹೋದ ದೀಪಾವಳಿಗೆ ಕಾಡಸಿದ್ದಪ್ಪನವರು ತಮ್ಮ ಹಳೆಯ ಫೋನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು ಗಾಜಿನ ಮೇಲೆ ಇಟ್ಟರು.

"ಲೇ ಕುಮಾರ, ಮುಟ್ಟಿ ನೋಡ್ಲಾ. ರೊಟ್ಟಿ ಸುಡಬೋದು. ಒಂದು ಒತ್ತಿದ್ರೆ ಇನ್ನೊಂದು ದಿನಕ್ಕೆ ತೆಗೀತದೆ. ಹಸಿ ಮಾಲು ಕೊಟ್ಟುಬುಟ್ಟಿದ್ದೆ ಕಣ್ಲಾ ನೀನು."

ನನ್ನ ಹತ್ತಿರ ಆಗ 'ವಜ್ರ ನೈನ್ ಪ್ರೊ' ಎಂಬ ಫೋನುಗಳು ಹದಿಮೂರು ಉಳಿದಿದ್ದವು. ಕಂಪನಿ ಅದನ್ನು ಬಿಡುಗಡೆ ಮಾಡಿ ಎರಡು ವರ್ಷವಾಗಿತ್ತು. ಕೊಳ್ಳುವವರಿಲ್ಲದೆ ಧೂಳು ತಿನ್ನುತ್ತಿದ್ದವು. ನಾನು ಒಂದನ್ನು ಒರೆಸಿ ಮುಂದಿಟ್ಟು ಬಾಯಿ ಬಿಟ್ಟೆ.

"ಯಜಮಾನ್ರೇ, ಇದರ ಪ್ರೊಸೆಸರ್ ನೋಡಿ. ಗರುಡ ಎಂಟ್ನೂರು! ಎಂಟು ಕೋರು. ಎರಡು ದೊಡ್ಡವು, ಆರು ಸಣ್ಣವು."

"ದೊಡ್ಡವು ಏನ್ ಮಾಡ್ತವೆ?"

"ಭಾರದ ಕೆಲಸ ಬಂದಾಗ ಮಾತ್ರ ಏಳ್ತವೆ."

"ಮಿಕ್ಕ ಹೊತ್ನಲ್ಲಿ?"

"ಮಲಗಿರ್ತವೆ."

"ನಮ್ಮ ಅಣ್ಣತಮ್ಮಂದಿರಂಗೆ ಅನ್ನು," ಎಂದರು. ನಾನು ಬಿಡಲಿಲ್ಲ. ಟೆಸ್ಟಿನಲ್ಲಿ ಇದಕ್ಕೆ ಏಳು ಲಕ್ಷ ಬಂದಿದೆ ಎಂದೆ.

"ಏಳು ಲಕ್ಷ ಏನು, ಕಾಯಾ?"

"ಪಾಯಿಂಟು."

"ಎಣಿಸ್ದೋರು ಯಾರು?"

"ಕಂಪನಿಯವರು."

"ಅವರ ತೋಟದ ಕಾಯಿ ಅವರೇ ಎಣಿಸ್ಕಂಡ್ರೆ ಏಳ್ಯಾಕೆ, ಎಪ್ಪತ್ತು ಲಕ್ಷ ಆಗ್ಬೋದು."

ಗರುಡ ಎಂಟ್ನೂರು ಎಂದರೆ ಅದರ ಹಿಂದಿನ ವರ್ಷದ ಗರುಡ ಏಳ್ನೂರ ಐವತ್ತೇ, ಹೆಸರು ಮಾತ್ರ ಹೊಸದು ಎಂಬುದನ್ನು ನಾನು ಹೇಳಲಿಲ್ಲ. ಕೇಳದೇ ಇದ್ದುದನ್ನು ಹೇಳುವ ರೋಗ ನನಗಿಲ್ಲ. ಕೊನೆಗೆ ಅವರನ್ನು ಬೀಳಿಸಿದ್ದು ಲಿಕ್ವಿಡ್ ಕೂಲಿಂಗ್. ಪ್ರೊಸೆಸರ್ ಬಿಸಿಯಾಗದ ಹಾಗೆ ಒಳಗೆ ನೀರಿನಂಥದ್ದು ಓಡಾಡುತ್ತಿರುತ್ತದೆ ಎಂದೆ. ಮುದುಕರ ಮುಖ ಅರಳಿತು. ಒಳಗೆ ನೀರಿರುವ ಪದಾರ್ಥದ ಬಗ್ಗೆ ತಮಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬ ಭಾವ. ಪೆಟ್ಟಿಗೆಯ ಮೇಲೆ "ಮೂರು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್" ಎಂದು ಅಚ್ಚಾಗಿದ್ದುದನ್ನೂ ಓದಿ ಹೇಳಿದೆ. ಯಾವತ್ತಿನಿಂದ ಮೂರು ವರ್ಷ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಫೋನು ಮನೆಗೆ ಹೋಯಿತು. ಪೆಟ್ಟಿಗೆಯನ್ನೂ ಬಿಚ್ಚದೆ, ಅದನ್ನು ಖಾಲಿ ಎಣ್ಣೆ ಡಬ್ಬದೊಳಗೆ ಇಟ್ಟು, ಗಾಳಿಯಾಡಲಿ ಎಂದು ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು, ಇಲಿ ನುಗ್ಗದಂತೆ ಮುಚ್ಚಳಕ್ಕೆ ಹಗ್ಗ ಬಿಗಿದು, ಕಾಡಸಿದ್ದಪ್ಪನವರು ಅದನ್ನು ಕಾಯಿಗಳ ನಡುವೆ ಅಟ್ಟಕ್ಕೆ ಹಾಕಿದರು. ಬರುವ ಆಯುಧಪೂಜೆಗೆ ಇಳಿಸುವುದು ಎಂದು ಸಾರಿದರು. ಹನ್ನೊಂದು ತಿಂಗಳು! ನಾನು ಬಸ್ಸು ಹತ್ತಿ ಓಡಿಹೋಗಿ ಬೇಡ ಎನ್ನಬೇಕಿತ್ತು. ಮಾರಿದ ಮಾಲು ವಾಪಸ್ ಬರುವ ಮಾತಿಗೆ ಯಾವ ಅಂಗಡಿಯವನು ಓಡುತ್ತಾನೆ?

ಪಕ್ಕದ ಮನೆಯ ಮಾಯಣ್ಣ ಇದನ್ನು ನೋಡಿ ನಗಾಡಿದರು. ಅವರ ಮನೆಯಲ್ಲಿ ಅಣ್ಣತಮ್ಮಂದಿರೆಲ್ಲ ಸೇರಿ ಹನ್ನೆರಡು ಫೋನು ಬೇಕಿದ್ದವು.

"ಸಿದ್ದಪ್ಪಣ್ಣ, ನಿಮ್ಮ ಕಿವಿ ಆಗೈತೆ ಅಂದ್ರೆ ನಾನೂ ಅದ್ನೇ ತಗಾತೀನಿ. ಆದ್ರೆ ಒಂದ್ಮಾತು. ಫೋನಿನಾಗೆ ಸುಳ್ಳಾದ್ರೆ ಕಾಯಿನಾಗೂ ನಿಮ್ಮ ಕಿವಿ ನಂಬಕ್ಕಿಲ್ಲ. ನಮ್ಮಟ್ಟಕ್ಕೆ ಕರೆಯಾದಿಲ್ಲ."

"ಹಂಗೇ ಆಗ್ಲಿ ಕಣಪ್ಪ," ಎಂದುಬಿಟ್ಟರು ಮುದುಕರು. ಮಾತು ಊರೆಲ್ಲ ಹಬ್ಬಿತು. ಮಾಯಣ್ಣ ಕರೆಯದಿದ್ದರೆ ಉಳಿದವರೂ ಕರೆಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಒಪ್ಪಿಕೊಂಡರು.

ಎರಡನೆಯ ತಿಂಗಳು ಗಿರಿಜಮ್ಮ ನನ್ನ ಅಂಗಡಿಗೆ ಬಂದರು. ಸೆರಗಿನೊಳಗಿಂದ ತೆಗೆದದ್ದು ವಜ್ರ ನೈನ್ ಪ್ರೊ.

"ಇದ್ಕೊಂದು ಸಿಮ್ ಹಾಕ್ಕೊಡಪ್ಪ. ಅಕ್ಕನ ಮುಖ ಕಾಣೋ ಹಂಗೆ ಮಾಡ್ಕೊಡು."

ಕಂದಿಕೆರೆಯಲ್ಲಿದ್ದ ಅವರ ಅಕ್ಕ ದ್ರಾಕ್ಷಾಯಣಮ್ಮ ಸೊಂಟ ಮುರಿದುಕೊಂಡು ಮಲಗಿದ್ದರು. ಹೋಗಿ ಬರಲು ಆಗದು, ನೋಡದೆ ಇರಲೂ ಆಗದು. ಮನೆಯಲ್ಲೇ ಫೋನಿದ್ದೂ ಹನ್ನೊಂದು ತಿಂಗಳು ಕಾಯುವಷ್ಟು ತಾಳ್ಮೆ ತಂಗಿಗೂ ಇರಲಿಲ್ಲ, ಅಕ್ಕನಿಗೂ ಇರಲಿಲ್ಲ.

"ಡಬ್ಬದೊಳಗೆ?" ಎಂದೆ.

"ಖಾಲಿ ಬುಡಕಾಯ್ತದಾ? ಪ್ರತಿ ಹುಣ್ಣಿಮೆ ಬೆಳಗ್ಗೆ ಹತ್ತಿ ಅಲ್ಲಾಡಿಸ್ತಾರೆ. ಹೊಸದಾಗಿ ಕಿತ್ತಿದ್ದ ಕಾಯಿನಾಗೆ ಒಂದು ಸಣ್ಣದು ನೋಡಿ ಇಟ್ಟಿದ್ದೀನಿ. ನೀನು ಬಾಯಿ ಬಿಟ್ಟೀಯ ಮತ್ತೆ!"

ಮುಂದಿನ ಹುಣ್ಣಿಮೆಗೆ ಕಾಡಸಿದ್ದಪ್ಪನವರೇ ಓಡೋಡಿ ಬಂದರು. "ಕುಮಾರ, ನೀ ಹೇಳಿದ್ದು ನಿಜ ಕಣ್ಲಾ. ಮೊದ್ಲು ಲೊಟಲೊಟ ಅಂತಿತ್ತು. ಈಗ ತೂಕ ಹಿಡಿದೈತೆ. ಒಳಗೆ ನೀರು ಗುಳುಗುಳು ಅಂತೈತೆ!"

ನಾನು ಕೆಮ್ಮು ಬಂದವನ ಹಾಗೆ ಬಗ್ಗಿ ಕೂತು, "ಲಿಕ್ವಿಡ್ ಕೂಲಿಂಗ್," ಎಂದೆ. ಬೇರೇನು ಹೇಳಲಿ?

ಆ ಮೇಲೆ ಪ್ರತಿ ತಿಂಗಳೂ ವರದಿ ಬರುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ನೀರಿನ ಸದ್ದು ಸಣ್ಣಗಾಯಿತು. ಬೇಸಿಗೆಯ ಕೊನೆಗೆ ನೀರಿಲ್ಲ, ತೂಕ ಇಳಿದಿದೆ, ಆದರೆ "ಕಚ್ಕಂಡೈತೆ". ಮಾಯಣ್ಣ ದಿನಾ ಕೇಳುವರು, "ಆಯ್ತಾ ಅಣ್ಣ ಪ್ರೊಸೆಸರ್ರು?" ಇವರು ತಲೆಯಾಡಿಸುವರು, "ತಾಳಪ್ಪ. ಈಗ ತೆಗೆದ್ರೆ ಬಿಸಿ ಆಗ್ತೈತೆ." ಊರಿನ ಹೈಸ್ಕೂಲು ಮೇಷ್ಟ್ರು ಕೂಡ ಮೊಬೈಲ್ ಕೊಳ್ಳುವುದನ್ನು ಮುಂದೂಡಿದರು. ಕಂಪನಿಯವರು ಕೋಟಿ ಸುರಿದು ಮಾಡುವ ಜಾಹೀರಾತನ್ನು ಒಂದು ಎಣ್ಣೆ ಡಬ್ಬ ಪುಕ್ಕಟೆ ಮಾಡುತ್ತಿತ್ತು. ನನ್ನ ಬಳಿ ಉಳಿದಿದ್ದದ್ದು ಹನ್ನೆರಡು, ಮಾಯಣ್ಣನವರಿಗೆ ಬೇಕಿದ್ದದ್ದು ಹನ್ನೆರಡು. ದೇವರು ದೊಡ್ಡವನು ಎಂದುಕೊಂಡು ನಾನು ಸುಮ್ಮನಿದ್ದೆ.

ಆಯುಧಪೂಜೆಗೆ ಎಂಟು ದಿನ ಇದ್ದಾಗ ಗಿರಿಜಮ್ಮ ಮತ್ತೆ ಬಂದರು. ಪರದೆಯ ಮೇಲೆ ಏನೋ ಬಂದಿದೆ, ಓದು ಎಂದರು. ಓದಿದೆ. ಇದೇ ಈ ಫೋನಿನ ಕೊನೆಯ ಅಪ್‌ಡೇಟ್, ಇನ್ನು ಮುಂದೆ ಬರುವುದಿಲ್ಲ ಎಂದು ಕಂಪನಿ ಬಹಳ ಮರ್ಯಾದೆಯಿಂದ ಬರೆದಿತ್ತು.

"ಮೂರು ವರ್ಷ ಅಂದಿದ್ದೆಯಂತೆ?"

"ಅದು... ಕಂಪನಿ ಬಿಡುಗಡೆ ಮಾಡಿದ ದಿನದಿಂದ ಲೆಕ್ಕ ಅಮ್ಮಾ. ನೀವು ತಗೊಂಡಾಗಲೇ ಎರಡು ವರ್ಷ ಆಗಿತ್ತು."

"ಈಗೇನಾಯ್ತದೆ?"

"ಈಗಲೇ ಏನೂ ಆಗಲ್ಲ. ಬರಬರುತ್ತಾ ಬ್ಯಾಂಕಿನ ಆ್ಯಪು ಇದನ್ನ ಒಪ್ಪಲ್ಲ. ಒಂದು ದಿನ ಅಕ್ಕನ ಮುಖ ಕಾಣೋ ಆ್ಯಪೂ ನಿಂತುಹೋಗುತ್ತೆ. ಕಳ್ಳರು ನುಗ್ಗೋದು ಸುಲಭ."

ಗಿರಿಜಮ್ಮ ಫೋನನ್ನು ಸೆರಗಿಗೆ ಒರೆಸುತ್ತಾ ನಿಂತರು. "ಹಬ್ಬದ ದಿನ ಇದನ್ನ ಡಬ್ಬಕ್ಕೆ ವಾಪಸ್ ಇಟ್ರೆ ನಮ್ಮೋರು ಆಗೈತೆ ಅಂತಾರೆ. ಅವರ ಕಿವಿ ಉಳೀತದೆ. ಮಾಯಣ್ಣ ಮಾರನೇ ದಿನ ನಿನ್ನ ಅಂಗಡೀಲಿರ್ತಾನೆ. ನೀನು ಅವನಿಗೆ ಈ ಮಾತು ಹೇಳ್ತೀಯಾ?"

ನಾನು ಯಾವುದೋ ಚಾರ್ಜರ್ ಹುಡುಕಲು ಶುರುಮಾಡಿದೆ. ಅವರು ಫೋನನ್ನು ಸೆರಗಿಗೆ ಸಿಕ್ಕಿಸಿಕೊಂಡು ಹೊರಟುಹೋದರು. ಅವತ್ತಿನ ನನ್ನ ಸುಮ್ಮನಿರುವಿಕೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹಬ್ಬದ ದಿನ ನನ್ನನ್ನೂ ಕರೆದಿದ್ದರು. ಪಂಪ್‌ಸೆಟ್ಟು, ಕುಡುಗೋಲು, ಟ್ರ್ಯಾಕ್ಟರಿಗೆಲ್ಲ ಕುಂಕುಮ ಹಚ್ಚಿಯಾಗಿತ್ತು. ಅಂಗಳದಲ್ಲಿ ಮೂವತ್ತು ಜನ. ಕಾಡಸಿದ್ದಪ್ಪನವರು ಬಿಳಿ ಪಂಚೆ ಉಟ್ಟು, ಮಂಡಿ ನೋವನ್ನೂ ಮರೆತು ಡಬ್ಬವನ್ನು ತಾವೇ ಇಳಿಸಿದರು. ವಿಭೂತಿ ಹಚ್ಚಿದರು. ಕಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿದರು. ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಬುಟ್ಟೈತೆ. ಚೆನ್ನಾಗಿ ಬುಟ್ಟೈತೆ. ಒಂಚೂರು ಕೆಟ್ಟಿಲ್ಲ."

ಮಾಯಣ್ಣ ನನ್ನ ಕಡೆ ತಿರುಗಿ, "ನಾಳೆ ಹನ್ನೆರಡು ಎತ್ತಿಡು," ಎಂದರು. ನಾನು ಹೂಂ ಎಂದೆ. ಎಂದುಬಿಟ್ಟೆ!

ಹಗ್ಗ ಬಿಚ್ಚಿದರು. ಮುಚ್ಚಳ ತೆಗೆದರು. ಒಳಗೆ ಕಂದು ಸಿಪ್ಪೆಯ ಒಂದು ತೆಂಗಿನಕಾಯಿ.

ಮಾಯಣ್ಣ ಬಗ್ಗಿ ನೋಡಿ, "ಅಣ್ಣೋ, ಫೋನು ಕಾಯಿ ಬಿಟ್ಟದೆ ಕಣೋ!" ಎಂದರು. ಅಂಗಳಕ್ಕೆ ಅಂಗಳವೇ ನಕ್ಕಿತು. ಕಾಡಸಿದ್ದಪ್ಪನವರು ಕಾಯನ್ನು ಹೊರಗಿಟ್ಟು, ಡಬ್ಬದೊಳಗೆ ಕೈ ಹಾಕಿ ತಳವನ್ನೆಲ್ಲ ತಡಕಿದರು. ಅಷ್ಟು ಜನರ ಎದುರು ಒಬ್ಬ ಮುದುಕ ಖಾಲಿ ಡಬ್ಬ ತಡಕುವುದನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ.

ಗಿರಿಜಮ್ಮ ಒಳಗಿಂದ ಬಂದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮಚ್ಚು.

"ನಗಾದು ನಿಲ್ಸಿ. ಫೋನು ನನ್ನತ್ರ ಐತೆ. ಎರಡ್ನೇ ತಿಂಗ್ಳಿಂದ ದಿನಾ ಇದ್ರಾಗೆ ಅಕ್ಕನ್ನ ನೋಡ್ತಿದ್ದೀನಿ. ಡಬ್ಬಕ್ಕೆ ಕಾಯಿ ಇಟ್ಟೋಳೂ ನಾನೇ. ಇದನ್ನೇ ವಾಪಸ್ ಇಡಬೋದಿತ್ತು. ಇಟ್ಟಿದ್ರೆ ಮಾಯಣ್ಣ, ನೀನು ಹನ್ನೆರಡು ತಂದು ಕೆಡ್ತಿದ್ದೆ. ಇದರ ಕಥೆ ಹೋದ್ವಾರವೇ ಮುಗೀತು. ಇನ್ನೇನೂ ಬರಾದಿಲ್ಲ ಅಂತ ಅದೇ ಹೇಳೈತೆ. ಬೇಕಾದ್ರೆ ಓದ್ಕೋ."

ಮಾಯಣ್ಣ ಪರದೆ ಓದಿದರು. ನನ್ನ ಕಡೆ ನೋಡಿದರು. ನಾನು ಟ್ರ್ಯಾಕ್ಟರಿನ ಕುಂಕುಮ ನೋಡಿದೆ.

"ಹಂಗಾದ್ರೆ ಅಣ್ಣನ ಕಿವಿ..." ಎಂದು ಯಾರೋ ಶುರುಮಾಡಿದರು.

"ಕಿವಿಗೆ ಏನಾಗೈತೆ?" ಗಿರಿಜಮ್ಮ ಸಿಡಿದರು. "ಡಬ್ಬದಾಗೆ ಕಾಯಿ ಇತ್ತು. ನೀರೈತೆ ಅಂದ್ರು, ನೀರಿತ್ತು. ಕಚ್ಕಂಡೈತೆ ಅಂದ್ರು, ಕಚ್ಕಂಡಿತ್ತು. ಇವತ್ತು ಬುಟ್ಟೈತೆ ಅಂದ್ರು. ರೀ, ತಗಳ್ರಿ ಮಚ್ಚು. ಒಡೆದು ತೋರಿಸ್ರಿ."

ಕಾಡಸಿದ್ದಪ್ಪನವರು ಮಚ್ಚು ತೆಗೆದುಕೊಂಡರು. ಸಿಪ್ಪೆ ಸುಲಿದು, ಕರಟದ ಸುತ್ತ ಮೆಲ್ಲಗೆ ತಟ್ಟಿದರು. ಕರಟ ಎರಡಾಗಿ ಬಿತ್ತು. ಅಂಗೈಯಲ್ಲಿ ಗುಂಡಾದ, ಒಂದು ಬಿರುಕೂ ಇಲ್ಲದ ಕೊಬ್ಬರಿ ಕೂತಿತ್ತು. ಮಾಯಣ್ಣ ಅದನ್ನು ಎತ್ತಿ ಮೂಸಿದರು, ತಿರುಗಿಸಿ ನೋಡಿದರು.

"ಅಣ್ಣ," ಎಂದರು, "ನಾಳೆ ಬೆಳಗ್ಗೆ ನಮ್ಮಟ್ಟಕ್ಕೆ ಬನ್ನಿ."

ಮುದುಕರು ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಕೊಬ್ಬರಿಯನ್ನು ಹೋಳು ಮಾಡಿ ಎಲ್ಲರಿಗೂ ಕೊಡುತ್ತಾ ಬಂದರು. ನನ್ನ ಮುಂದೆ ನಿಂತರು.

"ಆ ಫೋನು ನಮ್ಮನೆಗೆ ಬರೋ ಮೊದ್ಲೇ ಎರಡು ವರ್ಷ ಅಟ್ಟದಾಗಿತ್ತೇನ್ಲಾ ಕುಮಾರ?"

"ಹೂಂ ಯಜಮಾನ್ರೇ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಒಂದು ಹೋಳು ನನ್ನ ಕೈಯಲ್ಲಿಟ್ಟು, "ತಪ್ಪು ನಂದೇ ಕಣ್ಲಾ. ಐವತ್ತು ವರ್ಷದಿಂದ ಊರ ಕಾಯೆಲ್ಲ ಅಲ್ಲಾಡಿಸಿ ನೋಡ್ದೆ. ನಿನ್ನ ಮಾತೊಂದ ಅಲ್ಲಾಡಿಸಿ ನೋಡ್ಲಿಲ್ಲ," ಎಂದು ಮುಂದಿನವರಿಗೆ ಕೊಡಲು ಹೋದರು.

ನಾನು ಕೊಬ್ಬರಿ ಹಿಡಿದುಕೊಂಡು ನಿಂತಿದ್ದೆ. ಗಿರಿಜಮ್ಮ, "ತಿನ್ನಪ್ಪ, ಚೆನ್ನಾಗೈತೆ," ಎಂದರು. ತಿಂದೆ. ಚೆನ್ನಾಗಿಯೇ ಇತ್ತು.