ವಿಂಡೋಸ್, ಲಿನಕ್ಸ್ ಮತ್ತು ನನ್ನ ನಾಟಕ

ಭಾನುವಾರ ಬಂತೆಂದರೆ ಮಿಯಾಪುರದ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಜಗಳ. ಯಜಮಾನರು ವಿಂಡೋಸ್ ಪಕ್ಷ. ಲಿಂಗಂಪಲ್ಲಿಯಿಂದ ಊಟಕ್ಕೆ ಬರುವ ನನ್ನ ತಮ್ಮ ಲಿನಕ್ಸ್ ಪಕ್ಷ.

"ಮಾಮಾ, ಪುಕ್ಕಟ ಐತಿ, ವೈರಸ್ಸಿನ ಕಾಟ ಇಲ್ಲ."

"ಪುಕ್ಕಟ ಸಿಕ್ಕದ್ದಕ್ಕ ಕಿಮ್ಮತ್ತಿಲ್ಲ ತಮ್ಮಾ. ನಮ್ಮ ಇಡೀ ಆಫೀಸು ವಿಂಡೋಸ್ ಮ್ಯಾಲ ನಡೀತೈತಿ."

ರೊಟ್ಟಿ ಆರುತ್ತದೆ, ಪುಂಡಿಪಲ್ಯ ಆರುತ್ತದೆ, ಇವರ ಬಾಯಿ ಮಾತ್ರ ಆರುವುದಿಲ್ಲ.

ಆ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುತ್ತಿದ್ದವಳು ನಾನೊಬ್ಬಳೇ ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಕನ್ನಡ ಸಂಘದ ಹೆಂಗಸರು ಆಡಲೆಂದು ಅದರಲ್ಲಿ ಒಂದು ನಾಟಕ ಬರೆದಿದ್ದೆ. ಹೊರಗೆ ದಿನವಿಡೀ ತೆಲುಗು, ಹಿಂದಿ ಆಡಿ ಬಂದು, ಸಂಜೆ ಕೂತು ಕನ್ನಡದಲ್ಲಿ ಬರೆದ ನನ್ನ ಮೊದಲ ನಾಟಕ.

ಒಂದು ಭಾನುವಾರ ನಾನು ತರಕಾರಿ ತರುವಷ್ಟರಲ್ಲಿ ತಮ್ಮ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಬಿಟ್ಟಿದ್ದ. ಮಾತಿಗೆ ಮಾತು ಬೆಳೆದು ಇವರೇ "ಹಾಕು, ನೋಡೇಬಿಡೂಣು" ಅಂದಿದ್ದರಂತೆ. ನನ್ನನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

"ನಿನ್ನ ಫೈಲ್ ತೆಗೆದಿಟ್ಟೀನಿ ಅಕ್ಕಾ, ಗಾಬರಿ ಆಗಬ್ಯಾಡ" ಎಂದ ತಮ್ಮ.

ತೆರೆದು ನೋಡಿದೆ. ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಪುಟದ ತುಂಬ ತಲೆಗೆ ಟೊಪ್ಪಿಗೆ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು. ಅಂದೇ ಸಂಜೆ ಮೊದಲ ತಾಲೀಮು. ನಾನಿನ್ನೂ ಪ್ರಿಂಟ್ ತೆಗೆಸಿರಲಿಲ್ಲ.

"ನಾ ಹೇಳಿದ್ದಿಲ್ಲಾ? ವಿಂಡೋಸ್‌ನ್ಯಾಗ ಎಷ್ಟು ಛಂದ ಕಾಣತಿತ್ತು!" ಯಜಮಾನರ ಮುಖದಲ್ಲಿ ಗೆದ್ದ ಕಳೆ.

"ಲಿನಕ್ಸ್‌ದೇನೂ ತಪ್ಪಿಲ್ಲ ಮಾಮಾ. ಅಕ್ಕ ಹಳೇ ಫಾಂಟಿನ್ಯಾಗ ಟೈಪ್ ಮಾಡ್ಯಾಳ. ಯುನಿಕೋಡ್‌ನ್ಯಾಗ ಮಾಡಿದ್ರ ಎಲ್ಲಿ ಬೇಕಾದ್ರೂ ಕಾಣತಿತ್ತು."

ಅಂದರೆ ತಪ್ಪು ನನ್ನದು! ಮತ್ತೆ ಇಬ್ಬರೂ ಶುರು ಹಚ್ಚಿಕೊಂಡರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮಲ್ಲಿ ಭಾವ ಮೈದುನರ ಜಗಳದಲ್ಲಿ ಬಡವಾದದ್ದು ನನ್ನ ಕೂಸು. ಮೈಯೆಲ್ಲ ಉರಿದುಹೋಯಿತು.

"ಬಾಯಿ ಮುಚ್ಚಿ ಮೊದಲು ಅದನ್ನ ಸರಿ ಮಾಡ್ರಿ!" ಎಂದು ಕೂಗಿದೆ.

ತಮ್ಮ ಕೂತು, ಅದೇನೋ ಒಂದು ಕನ್ವರ್ಟರ್ ಹುಡುಕಿ, ಅಕ್ಷರಗಳನ್ನು ಯುನಿಕೋಡ್‌ಗೆ ಬದಲಿಸಿದ. ಕನ್ನಡ ಮತ್ತೆ ಕಂಡಿತು. ಅಲ್ಲಲ್ಲಿ ಒತ್ತಕ್ಷರಗಳು ಕಲಸಿಹೋಗಿದ್ದವು.

"ಎಲ್ಲಾ ಬಂದೈತಿ, ಥೇಟ್ ಮೊದಲಿನಂಗ ಐತಿ" ಎಂದರು ಯಜಮಾನರು, ಪರದೆಯತ್ತ ಒಮ್ಮೆ ಕಣ್ಣು ಹಾಯಿಸಿ.

ತಮ್ಮನೂ ತಲೆಯಾಡಿಸಿದ. ತಿಂಗಳ ಹಿಂದೆ ಇದೇ ನಾಟಕವನ್ನು ಇದೇ ಪರದೆಯ ಮೇಲೆ ತೆರೆದುಕೊಟ್ಟು, ಓದಿ ಹೇಗಿದೆ ಹೇಳಿ ಎಂದು ಇಬ್ಬರ ಬೆನ್ನು ಬಿದ್ದಿದ್ದೆ. "ಭಾಳ ಛಲೋ ಬಂದೈತಿ" ಅಂದಿದ್ದರು ಇಬ್ಬರೂ. ಆ ಮಾತು ನಂಬಿಕೊಂಡು ನಾನು ಸಂಘದವರಿಗೆ ನಾಟಕ ಕೊಡುತ್ತೇನೆಂದು ಹೇಳುವ ಧೈರ್ಯ ಮಾಡಿದ್ದೆ.

"ಹಂಗಾರ ಕಡೀ ದೃಶ್ಯದಾಗ ಸೊಸಿ ಏನ್ ಮಾಡತಾಳ, ಹೇಳ್ರಿ?"

ತಮ್ಮ ಕೀಬೋರ್ಡು ನೋಡತೊಡಗಿದ. ಯಜಮಾನರು ಅವನ ಮುಖ ನೋಡಿದರು, ಆಮೇಲೆ ನನ್ನ ಮುಖ.

"ನಾಟಕದಾಗ ಸೊಸಿ ಅದಾಳೇನು?"