ಏಳು ಮನೆಗಳ ಸೊನ್ನೆ

ಮಗಳು ಬಾಳಗಡಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಾಳೆ. ನಮ್ಮೂರು ಹಿರೇಕೊಡಿಗೆಯ ಅರವತ್ತು ಮನೆಗಳಲ್ಲಿ ಅಡುಗೆಗೆ ಸೌದೆ ಎಷ್ಟು, ಗ್ಯಾಸ್ ಎಷ್ಟು, ಮನೆಯಲ್ಲಿ ಮಕ್ಕಳೆಷ್ಟು ಎಂದು ಕೇಳಿ ಫಾರಂ ತುಂಬಿಸುವುದು ಅವಳ ಪ್ರಾಜೆಕ್ಟ್. ಜೊತೆಗೆ ನಾನೂ ಮನೆಮನೆ ಸುತ್ತಿದ್ದೆ. ತಪ್ಪು ನುಸುಳಬಾರದೆಂದು ಆ ಫಾರಂಗಳನ್ನು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಬೇಕಂತೆ. ಒಂದು ಪಟ್ಟಿ ಅವಳದು, ಇನ್ನೊಂದು ನನ್ನದು. ‘ಆರ್’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹೋಲಿಸಿದಾಗ ಎರಡೂ ಒಂದೇ ಎಂದು ಬಂದರೆ ಮಾತ್ರ ಮೇಷ್ಟ್ರು ತೆಗೆದುಕೊಳ್ಳುತ್ತಾರೆ. ಒಪ್ಪಿಸಲು ಅಂದೇ ಕೊನೆಯ ದಿನ, ಬೆಳಿಗ್ಗೆ ಹನ್ನೊಂದರ ಬಸ್ಸಿಗೆ ಅವಳು ಹೊರಡಬೇಕಿತ್ತು.

ದೇವರಿಗೆ ಹೂವಿಟ್ಟು ಬಂದು, ಕಂಪ್ಯೂಟರ್ ಮುಂದಿದ್ದ ಅವಳ ಪಕ್ಕದಲ್ಲಿ ಕೂತೆ. ‘ಫಾಲ್ಸ್’ ಎಂದು ಬಂತು, ಎರಡು ಪಟ್ಟಿಯೂ ಒಂದೇ ಅಲ್ಲ ಅಂತ.

“ಎಂತ ಟೈಪ್ ಮಾಡಿದ್ದೀಯಮ್ಮಾ?”

“ಕನ್ನಡಕ ಹಾಕ್ಕೊಂಡೇ ಮಾಡಿದ್ದು ಮಾರಾಯ್ತಿ. ನಿಂದು ನೋಡ್ಕೋ.”

ನಾನು ಕಟ್ಟಿನ ಅಡಿಯಿಂದ ಫಾರಂ ತೆಗೆದಿದ್ದರಿಂದ ಸಾಲುಗಳು ಹಿಂದುಮುಂದಾಗಿದ್ದವು. ಮನೆ ನಂಬರಿನಂತೆ ಜೋಡಿಸಿದಳು. ಮತ್ತೆ ಫಾಲ್ಸ್. ಸೌದೆಯ ಕಾಲಂ ಪೂರ್ತಿ ನಾನು ಓದಿದೆ, ಅವಳು ತಾಳೆ ನೋಡಿದಳು. ಒಂದೂ ತಪ್ಪಿಲ್ಲ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಎಲ್ಲಿ ವ್ಯತ್ಯಾಸ ಎಂದು ಕಂಪ್ಯೂಟರಿನ ಬಾಯಲ್ಲೇ ಹೇಳಿಸಲು ಇನ್ನೊಂದು ದಾರಿ ಇದೆಯಂತೆ. ಅದು ಅವಳಿಗೆ ಮೊದಲೇ ನೆನಪಾಗಬಾರದೇ!

ಅದು ತೋರಿಸಿದ್ದು ಮಕ್ಕಳ ಸಂಖ್ಯೆಯ ಕಾಲಂ. ಏಳು ಮನೆಗಳಿಗೆ ಅವಳದು ಸೊನ್ನೆ, ನನ್ನದು ಖಾಲಿ.

“ಖಾಲಿ ಎಂತಕ್ಕೆ ಬಿಟ್ಟೆ?”

“ಒಂದು ಮನೆಯ ಮಕ್ಕಳಿಗೆ ನನ್ನ ಕೈಯಾರೆ ಸೊನ್ನೆ ಹಾಕ್ಲಾ? ಖಾಲಿ ಅಂದ್ರೆ ಇಲ್ಲ ಅಂತ. ಅಷ್ಟೂ ಗೊತ್ತಾಗಲ್ವಾ ಅದಕ್ಕೆ?”

“ಖಾಲಿ ಅಂದ್ರೆ ನಾವು ಕೇಳ್ಲೇ ಇಲ್ಲ ಅಂತ, ಅಮ್ಮಾ.”

ಕೇಳಲಿಲ್ಲವೇ! ಒಬ್ಬಾಕೆ ಆ ಪ್ರಶ್ನೆಗೆ ಉತ್ತರಿಸದೆ ಒಳಗೆ ಹೋಗಿ, ಮಜ್ಜಿಗೆ ತಂದುಕೊಟ್ಟು, ನಾವು ಕುಡಿದು ಮುಗಿಸಿದ ಮೇಲೆ “ಇಲ್ಲ, ಬರ್ಕೊಳ್ಳಿ” ಎಂದಿದ್ದಳು. ಅಷ್ಟು ಕಷ್ಟದಲ್ಲಿ ಹೇಳಿದ್ದು ಹೇಳದ ಲೆಕ್ಕಕ್ಕೆ ಹೋಗುತ್ತದೆಂದರೆ ನನಗೆ ಮೈಯೆಲ್ಲ ಉರಿಯಿತು. ದೀಪವನ್ನು ‘ಆರಿಸು’ ಎನ್ನದೆ ‘ಶಾಂತ ಮಾಡು’ ಎಂದು ಹೇಳಿಕೊಂಡು ಬಂದವಳು ನಾನು. ಆದರೂ ದೇವಿಯನ್ನು ನೆನೆದು ಆರು ಸೊನ್ನೆ ಒತ್ತಿದೆ. ಏಳನೆಯದು ಮಜ್ಜಿಗೆ ಕೊಟ್ಟವಳ ಮನೆ. ಅದನ್ನು ಮಗಳ ಕೈಯಲ್ಲಿ ಒತ್ತಿಸಿದೆ.

ಟ್ರೂ ಬಂತು. ತಿಂಡಿ ಬಿಟ್ಟು ಓಡಿದಳು. ಬಸ್ಸೂ ಅಂದು ತಡ, ಸದ್ಯ ಸಿಕ್ಕಿತಂತೆ, ದೇವರು ದೊಡ್ಡವನು. ಕಾಫಿಗಾಗುವಷ್ಟು ಹಾಲೂ ಉಳಿದಿತ್ತು. ಆದರೂ ಒಲೆಗೆ ಅಂಟಿದ್ದನ್ನು ಉಜ್ಜುತ್ತಿದ್ದಾಗ ಆ ಲೆಕ್ಕದ ಮೇಲಿನ ನನ್ನ ಸಿಟ್ಟು ಇಳಿದಿರಲಿಲ್ಲ.